ಸೇತುವೆ ಮುದುಕಿಯ ಉಸಿರು

ಮಾರ್ಚ್ 4

ತಮ್ಮಾ,

ಸ್ಟುಡಿಯೋದವರು ಕೊಡುತ್ತೇವೆ ಎಂದದ್ದನ್ನೂ ಕೊಡದೆ ಹೋದದ್ದನ್ನೂ ಮೊದಲು ಬರೆದುಬಿಡುತ್ತೇನೆ. ಆಮೇಲೆ ಸಿಟ್ಟಿನಲ್ಲಿ ಒಂದೂ ಬಿಟ್ಟುಹೋಗಬಾರದು.

ಗೊಂಬೆ ಆಡಿಸುವವರ ಹಿಂದೆ, ಅದೇ ಹಲಗೆಯ ಮೇಲೆ, ದನಿಯವರು ನಿಂತು ಮಾತಾಡಬಹುದು ಎಂದಿದ್ದರು. ಈಗ ಹಲಗೆಯ ಮೇಲೆ ಗೊಂಬೆ ಆಡಿಸುವ ನಿಮಗೆ ಮಾತ್ರ ಜಾಗ.

ಮೊದಲೇ ದನಿ ಹಿಡಿದಿಟ್ಟು, ಅದಕ್ಕೆ ಗೊಂಬೆ ಕುಣಿಸಿ ಚಿತ್ರ ತೆಗೆಯುವುದಿಲ್ಲ ಎಂದಿದ್ದರು. ಈಗ ಅದೊಂದೇ ದಾರಿಯಂತೆ.

ಬೆಂಚಿನ ಮೇಲೆ ಮಕ್ಕಳನ್ನು ಕೂರಿಸುತ್ತೇವೆ, ಅವರು ಕೇಳಿದ್ದಕ್ಕೆ ನನ್ನ ಸೇತುವೆ ಮುದುಕಿ ಗೊಂಬೆ ಎದುರುತ್ತರ ಕೊಡುವುದನ್ನು ಹಾಗೇ ತೆಗೆಯುತ್ತೇವೆ ಎಂದಿದ್ದರು. ಮಕ್ಕಳು ಇರುತ್ತಾರಂತೆ. ಉತ್ತರ ಇರುವುದಿಲ್ಲವಂತೆ.

ನಮ್ಮ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲಿ ಬರುತ್ತದೆ ಎಂದಿದ್ದರು. ಗೇಟಿನ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೊದಲು ನಿನ್ನ ಹೆಸರಿದೆ, ದಪ್ಪಕ್ಷರದಲ್ಲಿ. ಕೆಳಗೆ, 'ಧ್ವನಿ: ಸ್ಟುಡಿಯೋ ಸಂಗ್ರಹ'.

ಯಾವ ಸಂಗ್ರಹ? ನಾವು ಯಾವಾಗ ಕೊಟ್ಟೆವು?

ಹನ್ನೊಂದು ಮಂದಿ ದನಿಯವರಿಗೂ ಕೆಲಸ ಎಂದಿದ್ದರು. ಇವತ್ತು ಬೆಳಗ್ಗೆ ಗೇಟಿನವನು ಪಟ್ಟಿಯ ಮೇಲೆ ಬೆರಳಾಡಿಸಿ, "ಅಮ್ಮಾ, ನಿಮ್ಮ ಹೆಸರಿಲ್ಲ" ಅಂದ.

"ಹೆಸರಿಲ್ದಿದ್ರೆ ಏನಾಯ್ತಪ್ಪಾ, ಆಳು ಇದೀನಲ್ಲ ಎದುರಿಗೆ."

"ಆಳು ಬೇಡವಂತೆ. ದನಿ ಆಗಲೇ ಒಳಗಿದೆಯಂತೆ."

ಅವನು ತಮಾಷೆಗೆ ಹೇಳಲಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಹೇಳಿದ. ನನ್ನ ಹಿಂದೆ ಗುಡುಗು ನಿಂತಿದ್ದ. ಮೂವತ್ತು ವರ್ಷ ಸಿಪಾಯಿ ಗೊಂಬೆಗೆ ದನಿ ಕೊಟ್ಟವನು, ಅವನು ಕೆಮ್ಮಿದರೆ ಕೊನೆಯ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದರು. ಅವನೂ ಬಗ್ಗಿ ಆ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿದ.

ಹೋದ ತಿಂಗಳು ನೀನೇ ಮನೆಗೆ ಬಂದು ಕರೆದೆ. "ಅಕ್ಕಾ, ಹೊಸ ಮೈಕು ತರಿಸಿದಾರೆ. ಪರೀಕ್ಷೆಗೆ ಒಂದ್ಸಲ ಎಲ್ಲ ಆಟ ಹೇಳ್ಬಿಡು" ಅಂದೆ. ಮೆತ್ತೆ ಹೊದಿಸಿದ ಗೋಡೆಯ ಕೋಣೆಯಲ್ಲಿ ನಾಲ್ಕು ದಿನ ಒಬ್ಬಳೇ ಕೂತು ಹೇಳಿದೆ. ಎದುರಿಗೆ ಗೊಂಬೆಯಿಲ್ಲ, ಮಕ್ಕಳಿಲ್ಲ, ನಿನ್ನ ಬೆನ್ನಿಲ್ಲ. ತಮ್ಮ ಕರೆದ ಎಂದು ಹೇಳಿದೆ. ಉಳಿದ ಹತ್ತು ಮಂದಿಯೂ ನಿನ್ನ ಮುಖ ನೋಡಿಯೇ ಬಂದರು.

ಆ ಪರೀಕ್ಷೆಯ ಫಲ ಏನಾಯಿತು? ಪಾಸೋ, ಫೇಲೋ? ಅದೊಂದನ್ನು ಬರಿ.

ಅಕ್ಕ


ಮಾರ್ಚ್ 19

ಅಕ್ಕಾ,

ನಿನ್ನ ಪತ್ರ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಬೆಳಗ್ಗೆ ಎಂಟಕ್ಕೆ ಒಳಗೆ ಹೋದರೆ ಹೊರಗೆ ಬರುವಷ್ಟರಲ್ಲಿ ಕೈಬೆರಳು ಮಡಚುವುದಿಲ್ಲ.

ನೀನು ಬೈಯುವ ಮೊದಲು ಅವರ ಕಡೆಯ ಮಾತನ್ನೂ ಕೇಳು. ಬಯಲಲ್ಲಿ ಆಡುವುದು ಬೇರೆ, ಕ್ಯಾಮೆರಾ ಮುಂದೆ ಬೇರೆ. ಅದು ಗೊಂಬೆಯ ಮೂಗಿನ ತನಕ ಬರುತ್ತದೆ. ಒಂದೇ ಮಾತನ್ನು ಮೂರು ಕಡೆಯಿಂದ ತೆಗೆಯುತ್ತಾರೆ. ನೀನು ಮೂರು ಸಲ ಹೇಳಿದರೆ ಮೂರು ಥರ ಹೇಳುತ್ತೀಯ, ಆಮೇಲೆ ಒಂದಕ್ಕೊಂದು ಜೋಡಿಸಲು ಬರುವುದಿಲ್ಲ. ಹಲಗೆ ಕಿರ್ರೆಂದರೆ ಅದೂ ಕೇಳುತ್ತದೆ. ಗುಡುಗು ಕೆಮ್ಮಿದರೆ ಮುಗಿಯಿತು. ಹಿಡಿದಿಟ್ಟ ದನಿ ನೂರು ಸಲ ಹಾಕಿದರೂ ಅದೇ. ಇದರಲ್ಲಿ ಮೋಸವೇನಿದೆ? ಕಾಲ ಬದಲಾದರೆ ಕೆಲಸವೂ ಬದಲಾಗುತ್ತದೆ.

ನನ್ನನ್ನು ಮುಖ್ಯ ಗೊಂಬೆಗಾರ ಎಂದು ಮಾಡಿದ್ದಾರೆ. ಕೆಲಸ ಖಾಯಂ.

ಒಂದು ತೊಂದರೆಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸೇತುವೆ ಮುದುಕಿ ತಲೆ ಎತ್ತುತ್ತಿಲ್ಲ.

ನಗಬೇಡ. ಹದಿನಾಲ್ಕು ಸಲ ತೆಗೆದರು. ಪ್ರತಿ ಸಲವೂ ಮಾತು ಮೊದಲು ಬಂತು, ತಲೆ ಆಮೇಲೆ ಎದ್ದಿತು. ಸತ್ತವಳಿಗೆ ಯಾರೋ ಕರೆಂಟು ಕೊಟ್ಟ ಹಾಗೆ. ನನ್ನ ಕೈಗೆ ವಯಸ್ಸಾಯಿತು ಅಂದುಕೊಂಡೆ. ಆಮೇಲೆ ತಿಳಿಯಿತು. ರೆಕಾರ್ಡಿನಲ್ಲಿ ನಿನ್ನ ಉಸಿರಿಲ್ಲ. ದನಿ ಹಿಡಿಯುವ ಹುಡುಗ ಇದ್ದಾನಲ್ಲ, ನಾವು ಕಿವಿ ಅಂತ ಕರೆಯುವವನು, ಅವನು ಪ್ರತಿ ಮಾತಿನ ಹಿಂದಿನ ಉಸಿರನ್ನು ಹುಡುಕಿ ಹುಡುಕಿ ಕತ್ತರಿಸಿದ್ದಾನೆ. "ಸಾರ್, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿದೀನಿ" ಅಂತ ಹೆಮ್ಮೆ ಬೇರೆ. ಆರಿಸಿದ್ದನ್ನು ಎಸೆದಿದ್ದಾನೆ.

ನೀನು ನನ್ನ ಬೆನ್ನ ಮೇಲೆ ಕೈಯಿಟ್ಟು ಉಸಿರೆಳೆದಾಗ ನನ್ನ ಕೈ ತಾನಾಗಿ ಏಳುತ್ತಿತ್ತು. ಅಪ್ಪ ಕಲಿಸಿದ್ದು ಹಾಗೆ. ಮಾತಿಗೆ ಕುಣಿಸಬೇಡ, ಉಸಿರಿಗೆ ಕುಣಿಸು ಅಂತ. ಇಪ್ಪತ್ತಾರು ವರ್ಷದಲ್ಲಿ ಬೇರೆ ಥರ ನನಗೆ ಬರುವುದೇ ಇಲ್ಲ ಅಂತ ಈಗ ಗೊತ್ತಾಗಿದೆ.

ಮ್ಯಾನೇಜರು ಒಪ್ಪಿದ್ದಾರೆ. ಒಂದು ಮಧ್ಯಾಹ್ನ ಬಾ. ಮಾತೇನೂ ಬೇಡ. ಬರೀ ಉಸಿರು ಕೊಟ್ಟು ಹೋಗು. ಗೇಟಿನಲ್ಲಿ ಹೆಸರು ಬರೆಸುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 2

ಮುಖ್ಯ ಗೊಂಬೆಗಾರರಿಗೆ,

ಪತ್ರವನ್ನು ಜೋರಾಗಿ ಓದಿದೆ. ಹನ್ನೊಂದೂ ಮಂದಿ ಕೂತಿದ್ದೆವು, ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಇಸ್ತ್ರಿಯ ಹಬೆ, ಮೇಲೆ ನಾವು. 'ಬರೀ ಉಸಿರು ಕೊಟ್ಟು ಹೋಗು' ಎಂಬಲ್ಲಿಗೆ ಬಂದಾಗ ಕತ್ತೆಗೆ ದನಿ ಕೊಡುವ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ನಂದೂ ಒಂದಿಷ್ಟು ಹಾಕಿಸ್ಕೊಳ್ರೋ, ಮನೇಲಿ ದಂಡಿಯಾಗಿದೆ" ಅಂದಳು. ನಗುತ್ತಾ ನಗುತ್ತಾ ಅತ್ತಳು. ಅದನ್ನೂ ಬರೆಯುತ್ತಿದ್ದೇನೆ, ನೀನು ಅಲ್ಲಿರಲಿಲ್ಲವಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. ನೀನು ಎರಡು ಹಾಳೆ ಬರೆದೆ, ಅದಕ್ಕೆ ಮಾತ್ರ ಉತ್ತರ ಬರೆಯಲಿಲ್ಲ. ಬರೆಯದೆಯೇ ಬರೆದೆ. 'ರೆಕಾರ್ಡಿನಲ್ಲಿ ನಿನ್ನ ಉಸಿರಿಲ್ಲ' ಅಂದೆಯಲ್ಲ, ಯಾವ ರೆಕಾರ್ಡು? ಪರೀಕ್ಷೆಗೆ ಹೇಳಿದ್ದನ್ನು ಪರೀಕ್ಷೆ ಮುಗಿದ ಮೇಲೆ ಅಳಿಸುತ್ತಾರೆ. ಅದಕ್ಕೆ ಗೊಂಬೆ ಕುಣಿಸುವುದಿಲ್ಲ.

ಮೋಸವೇನಿದೆ ಅಂದೆ. ಹೇಳುತ್ತೇನೆ ಕೇಳು. ಕ್ಯಾಮೆರಾ ಮೂಗಿನ ತನಕ ಬರಲಿ, ಬೇಕಾದರೆ ಮೂಗಿನೊಳಗೆ ಹೋಗಲಿ. ಮೂರು ಕಡೆಯಿಂದ ತೆಗೆಯುವುದಾದರೆ ಮೂರು ಸಲ ಹೇಳುತ್ತೇನೆ, ಮೂವತ್ತು ಸಲ ಹೇಳುತ್ತೇನೆ. ದನಿ ಹಿಡಿದಿಡಲೇಬೇಕು ಎಂದಾದರೆ, ಹಿಡಿಯುತ್ತೇವೆ ಎಂದು ಮುಖ ನೋಡಿ ಹೇಳಿ. ನಾವು ಹಟಮಾರಿಗಳಲ್ಲ, ಕೂತು ಮಾತಾಡುತ್ತಿದ್ದೆವು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ಮನುಷ್ಯರು.

ಕಾಲ ಬದಲಾಯಿತು ಅಂತ ಹೇಳುವವರನ್ನು ತುಂಬ ನೋಡಿದ್ದೇನೆ. ಯಾವಾಗಲೂ ಕುರ್ಚಿ ಸಿಕ್ಕವರೇ ಹಾಗೆ ಹೇಳುವುದು. ಕುರ್ಚಿ ಕಳಕೊಂಡವನು ಒಬ್ಬನೂ ಹೇಳಿದ್ದಿಲ್ಲ.

ಉಸಿರು ಕೊಡುವುದಿಲ್ಲ. ದನಿಯನ್ನು ಕೇಳದೆ ತೆಗೆದುಕೊಂಡಿರಿ, ಉಸಿರನ್ನು ಕೇಳಿ ತೆಗೆದುಕೊಳ್ಳಬೇಕಾಗಿ ಬಂತಲ್ಲ, ಅಷ್ಟು ಸಾಕು. ನಾನು ನಿಂತರೆ ಪೂರ್ತಿ ನಿಲ್ಲುತ್ತೇನೆ, ಹಲಗೆಯ ಮೇಲೆ, ನಿನ್ನ ಹಿಂದೆ. ಕಾಲು ಗೇಟಿನ ಹೊರಗೆ, ಉಸಿರು ಗೇಟಿನ ಒಳಗೆ ಎಂಬ ವ್ಯವಹಾರ ನನ್ನ ಹತ್ತಿರ ಇಲ್ಲ.

ನಾವು ಹನ್ನೊಂದು ಮಂದಿ ಒಂದು ಅರ್ಜಿ ಬರೆದಿದ್ದೇವೆ. ಪರೀಕ್ಷೆಗೆಂದು ಹೇಳಿ ತೆಗೆದ ದನಿಯನ್ನು ಅಳಿಸಬೇಕು. ಮುಂದಿನ ಆಟಗಳಿಗೆ ನಮ್ಮನ್ನು ಹಲಗೆ ಹತ್ತಿಸಬೇಕು. ಅದು ಪರೀಕ್ಷೆಯಾಗಿತ್ತು ಎಂದು ಹೇಳಲು ನಮಗೊಬ್ಬ ಸಾಕ್ಷಿ ಬೇಕು. ಕರೆದವನೇ ಸಾಕ್ಷಿ.

ಬರುತ್ತೀಯಾ?

ಅಕ್ಕ


ಏಪ್ರಿಲ್ 21

ಅಕ್ಕಾ,

ಉಸಿರಿಗೆ ಬೇರೆ ವ್ಯವಸ್ಥೆ ಮಾಡಿದರು. ಮುಂದಿನ ಮೇಜಿನಲ್ಲಿ ಫೋನು ಎತ್ತುವ ಹುಡುಗಿಯನ್ನು ಕೂರಿಸಿ ಉಸಿರೆಳೆಸಿದರು. ಪಾಪ, ಅವಳು ಮೂರು ಮಹಡಿ ಹತ್ತಿ ಬಂದವಳ ಹಾಗೆ ಉಸಿರೆಳೆದಳು. ಕಿವಿ ಅದನ್ನು ಅಲ್ಲಲ್ಲಿ ಅಂಟಿಸಿದ. ಮುದುಕಿಯ ತಲೆ ಈಗ ಹೊತ್ತಿಗೆ ಸರಿಯಾಗಿ ಏಳುತ್ತದೆ. ಬೇರೆಯವರ ತಲೆಯ ಹಾಗೆ.

ಮೊದಲ ಆಟ ಮುಂದಿನ ತಿಂಗಳು ಟೀವಿಯಲ್ಲಿ ಬರುತ್ತದೆ.

ನೀನು ಕೇಳಿದ ವಿಷಯ ಕಾಗದದಲ್ಲಿ ಬರೆಯುವಂಥದ್ದಲ್ಲ. ಎದುರಿಗೆ ಸಿಕ್ಕಾಗ ಮಾತಾಡೋಣ.

ತಮ್ಮ


ಜೂನ್ 11

ತಮ್ಮಾ,

ಎದುರಿಗೆ ಸಿಕ್ಕಾಗ ಅಂದೆ. ಏಳು ವಾರವಾಯಿತು. ನಿನ್ನ ಮನೆಯಿಂದ ನನ್ನ ಮನೆಗೆ ಎರಡು ಬಸ್ ನಿಲ್ದಾಣ.

ಹೋದ ವಾರ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಮುಂದಿನ ಹಲ್ಲು, ಮೇಲಿನದು, ಅಲ್ಲಾಡುತ್ತಿತ್ತು. ಕಾಯುವ ಕೋಣೆಯಲ್ಲಿ ಎಂಟು ಕುರ್ಚಿ, ಗೋಡೆಗೊಂದು ಟೀವಿ. ಟೀವಿಯಲ್ಲಿ ಮುದುಕಿ. ಸೇತುವೆಯ ತುದಿಯಲ್ಲಿ ಕೂತು, "ಯಾರು ನೀನು? ಯಾಕೆ ಬಂದೆ? ಆ ಕಡೆ ಹೋಗಿ ಏನು ಮಾಡ್ತೀಯ?" ಎಂದು ನನ್ನ ದನಿಯಲ್ಲಿ ಕೇಳುತ್ತಿದ್ದಳು. ನಾನು ಕೆನ್ನೆ ಹಿಡಿದುಕೊಂಡು ಅವಳಿಗೆ ಮೂರಡಿ ದೂರದಲ್ಲಿ ಕೂತಿದ್ದೆ.

ಪಕ್ಕದ ಹೆಂಗಸು, "ಎಷ್ಟು ಚೆನ್ನಾಗಿ ಮಾತಾಡುತ್ತೆ ಅಲ್ವಾ ಆ ಅಜ್ಜಿ?" ಅಂದಳು.

ಚೀಟಿ ಕೊಡುವವನು, "ಈಗ ಎಲ್ಲಾ ಮೆಷಿನ್‌ನಲ್ಲೇ ಮಾಡ್ತಾರಮ್ಮ. ಮನುಷ್ಯರು ಯಾಕೆ ಬೇಕು?" ಅಂದ.

ಅದು ನಾನು ಎಂದು ಹೇಳಲು ಬಾಯಿ ತೆರೆದೆ. ಆಗಲೇ ಒಸಡಿಗೆ ಮರಗಟ್ಟುವ ಔಷಧಿ ಹಾಕಿದ್ದರು. ತುಟಿಯ ಮೂಲೆಯಿಂದ ಜೊಲ್ಲು ಬಂತು, ಮಾತು ಬರಲಿಲ್ಲ. ಆ ಹೆಂಗಸು ಕರುಣೆಯಿಂದ ಕರವಸ್ತ್ರ ಕೊಟ್ಟಳು.

ನನ್ನ ದನಿ ಕೇಳುತ್ತಾ ಕೇಳುತ್ತಾ ಹಲ್ಲು ಕೀಳಿಸಿಕೊಂಡೆ.

ಈಗ ಕೆಲವು ಅಕ್ಷರ ಹೇಳುವಾಗ ಸಿಳ್ಳೆ ಹೊಡೆಯುತ್ತದೆ. ಹಲಗೆಯ ಮೇಲಿದ್ದರೆ ಆ ಸಿಳ್ಳೆಯನ್ನು ಮುದುಕಿಗೇ ಕೊಟ್ಟುಬಿಡುತ್ತಿದ್ದೆ. "ಹೂಂ ಕಣ್ರೋ, ಹಲ್ಲು ಹೋಯ್ತು, ಏನೀಗ?" ಅಂತ ಮಕ್ಕಳ ಹತ್ತಿರ ಜಗಳ ಆಡುತ್ತಿದ್ದೆ. ಮುದುಕಿಗೆ ನನ್ನ ಜೊತೆ ವಯಸ್ಸಾಗುತ್ತಿತ್ತು. ನಿಮ್ಮ ಮುದುಕಿಗೆ ಆ ಹಲ್ಲು ಇನ್ನೂ ಇದೆ. ಅವಳಿಗೆ ಇನ್ನು ನೆಗಡಿಯಾಗುವುದಿಲ್ಲ, ಸಿಟ್ಟು ಬರುವುದಿಲ್ಲ, ಅವಳು ಅರ್ಜಿ ಬರೆಯುವುದಿಲ್ಲ. ಇಸ್ತ್ರಿಗೆ ಬೇಕಾದದ್ದೂ ಅಂಥವಳೇ. ನಿಮ್ಮ ಮ್ಯಾನೇಜರಿಗೆ ನಾವಿಟ್ಟ ಹೆಸರು ಅದು. ಗೆರೆ ಮುರಿಯದ ಅಂಗಿ, ಗೆರೆ ಮುರಿಯದ ಮುಖ.

ಗುಡುಗು ಬಸ್ ನಿಲ್ದಾಣದಲ್ಲಿ ಊರು ಕೂಗುವ ಕೆಲಸ ಕೇಳಲು ಹೋದ. ಅಲ್ಲಿಯೂ ರೆಕಾರ್ಡು ಹಾಕಿದ್ದಾರೆ. ಈಗ ಗೋದಾಮಿನ ಕಾವಲು. ಅಲ್ಲಿ ಮಾತಾಡುವ ಹಾಗಿಲ್ಲ.

ನಮ್ಮ ಅರ್ಜಿಗೆ ಇಸ್ತ್ರಿ ಉತ್ತರ ಕೊಟ್ಟಿದ್ದಾನೆ. ನಾವೆಲ್ಲ ಒಪ್ಪಿಯೇ ದನಿ ಕೊಟ್ಟೆವಂತೆ. ಒಪ್ಪಿಗೆ ಪತ್ರ ಇದೆಯಂತೆ. ನಮ್ಮ ಪರವಾಗಿ ಒಬ್ಬರು ರುಜು ಮಾಡಿದ್ದಾರಂತೆ.

ಯಾರು ಎಂದು ಅವನು ಬರೆದಿಲ್ಲ. ನಾನೂ ಕೇಳಲಿಲ್ಲ. ನೀನೇ ಬರಿ.

ಅಕ್ಕ


ಜುಲೈ 29

ಅಕ್ಕಾ,

ಇದು ನಾಲ್ಕನೆಯ ಹಾಳೆ. ಮೂರನ್ನು ಹರಿದೆ.

ಸೋಮವಾರ ಸೇತುವೆ ಮುದುಕಿಯ ಎರಡನೆಯ ಭಾಗ ತೆಗೆಯುತ್ತಿದ್ದೆವು. ಬೆಂಚಿನ ಮೇಲೆ ಇಪ್ಪತ್ತು ಮಕ್ಕಳು. ಸುಮ್ಮನೆ ಕೂತು ಕೈ ತೋರಿಸಿದಾಗ ಚಪ್ಪಾಳೆ ತಟ್ಟಬೇಕು ಅಂತ ಹೇಳಿ ಕೂರಿಸಿದ್ದರು. ಆರು ವರ್ಷದ ಒಂದು ಹುಡುಗಿ, ಎರಡು ಜಡೆ, ಅದಕ್ಕೆ ಯಾರೂ ಸರಿಯಾಗಿ ಹೇಳಿರಲಿಲ್ಲವೋ, ಹೇಳಿದ್ದು ಅದರ ತಲೆಗೆ ಹೋಗಿರಲಿಲ್ಲವೋ. ಮುದುಕಿ ಬಂದ ಕೂಡಲೇ ಎದ್ದು ನಿಂತಿತು.

"ಅಜ್ಜೀ, ನಿಂಗೆ ಕಾಲು ಯಾಕಿಲ್ಲ?"

ರೆಕಾರ್ಡು ಓಡುತ್ತಿತ್ತು. "ಯಾರದು ಸೇತುವೆ ಮೇಲೆ?" ಅಂದಿತು ನಿನ್ನ ದನಿ.

"ನಾನು! ಇಲ್ಲಿ!"

"ಯಾರೂ ಮಾತಾಡ್ತಾ ಇಲ್ವಲ್ಲ," ಅಂದಿತು ರೆಕಾರ್ಡು.

"ಮಾತಾಡ್ತಾ ಇದೀನಲ್ಲ ಅಜ್ಜೀ! ಈ ಕಡೆ ನೋಡು!"

"ಯಾರೂ ಇಲ್ವಾ? ಹಾಗಾದ್ರೆ ನಾನೊಬ್ಬಳೇ."

ಆ ಮಗುವಿನ ಮುಖವನ್ನು ನಾನು ಮೇಲಿನಿಂದ ನೋಡಿದೆ. ಅಳಲಿಲ್ಲ. ನಮ್ಮನ್ನು ಯಾರೋ ಬೇಕೆಂದೇ ನೋಡದೆ ಹೋದಾಗ ದೊಡ್ಡವರ ಮುಖ ಆಗುತ್ತದಲ್ಲ, ಹಾಗಾಯಿತು. ಪಕ್ಕದ ಮಗುವಿಗೆ, "ಈ ಅಜ್ಜಿ ಸತ್ತೋಗಿದೆ" ಅಂತ ಹೇಳಿ ಕೂತುಕೊಂಡಿತು.

ನನ್ನ ಕೈ ಏನು ಮಾಡಿತೋ ನನಗೆ ಗೊತ್ತಿಲ್ಲ. ಮುದುಕಿಯ ತಲೆಯನ್ನು ಆ ಮಗುವಿನ ಕಡೆ ತಿರುಗಿಸಿದೆ. ಅವಳ ಕೈಯನ್ನು ಅವಳದೇ ಕಿವಿಯ ಹತ್ತಿರ ತಂದೆ. ಹಾಗೇ ನಿಲ್ಲಿಸಿದೆ. ರೆಕಾರ್ಡು ಒಂದೇ ಸಮನೆ ಮಾತಾಡುತ್ತಿತ್ತು, ಮುದುಕಿ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಮಕ್ಕಳಿಗೆ ಮೊದಲು ನಗು ಬಂತು. ಆಮೇಲೆ ಯಾರೋ, "ಏಯ್, ಮಾತು ಡಬ್ಬದಿಂದ ಬರ್ತಿದೆ ಕಣ್ರೋ!" ಅಂದರು. ಇಪ್ಪತ್ತೂ ಮಕ್ಕಳು ಎದ್ದು ಸ್ಪೀಕರಿನ ಹಿಂದೆ ಹೋಗಿ ಹುಡುಕಿದವು. ನಿನ್ನನ್ನು ಹುಡುಕಿದವು ಅಕ್ಕಾ. ಅಲ್ಲಿ ಒಂದು ವೈರು ಇತ್ತು.

ಇಸ್ತ್ರಿ ಕೂಗಾಡಿದ. ನಾನು ಕೆಳಗೆ ಇಳಿಯಲಿಲ್ಲ. ಬೆನ್ನು ಖಾಲಿ ಇತ್ತು.

ಈಗ ನೀನು ಕೇಳಿದ್ದು.

ಪರೀಕ್ಷೆ ಅಂತ ಹೇಳಿ ಕರೆಯಲು ಹೇಳಿಕೊಟ್ಟದ್ದು ಇಸ್ತ್ರಿ. "ಹಾಗಂದ್ರೆ ಸಹಜವಾಗಿ ಮಾತಾಡ್ತಾರೆ" ಅಂದ. ಮೊದಲ ದಿನ ಅದು ನಿಜಕ್ಕೂ ಪರೀಕ್ಷೆಯೇ ಅಂತ ನಾನೂ ನಂಬಿದ್ದೆ. ಎರಡನೆಯ ದಿನ ಕಿವಿಯ ಮೇಜಿನ ಮೇಲಿನ ಚೀಟಿ ನೋಡಿದೆ. 'ಅಂತಿಮ' ಅಂತ ಬರೆದಿತ್ತು. ಗಾಜಿನ ಆಚೆ ನೀನು ಕೂತಿದ್ದೆ, ಕಣ್ಣು ಮುಚ್ಚಿಕೊಂಡು ಮುದುಕಿಯ ಕೊನೆಯ ಮಾತು ಹೇಳುತ್ತಿದ್ದೆ. ಬಾಗಿಲು ತಟ್ಟಬಹುದಿತ್ತು. ಇನ್ನೂ ಎರಡು ದಿನ ಉಳಿದಿತ್ತು. ತಟ್ಟಲಿಲ್ಲ. ಮೂರನೆಯ ದಿನ ಒಪ್ಪಿಗೆ ಪತ್ರಕ್ಕೆ, ಹನ್ನೊಂದು ಮಂದಿಯ ಪರವಾಗಿ, ರುಜು ಹಾಕಿದೆ.

ಖಾಯಂ ಕೆಲಸಕ್ಕೆ ಅಂತ ನೀನು ಅಂದುಕೊಳ್ಳುತ್ತೀಯ. ಅದೂ ಹೌದು. ಪೂರ್ತಿ ಅದಲ್ಲ. ಇಪ್ಪತ್ತಾರು ವರ್ಷ ಆಟ ಮುಗಿದ ಮೇಲೆ ಜನ ಪರದೆಯ ಹಿಂದೆ ಬಂದು ನಿನ್ನ ಕೈ ಕುಲುಕಿದರು. ಮುದುಕಿ ನೀನೇ ಅಂದರು. ನನ್ನ ಕಡೆ ತಿರುಗಿ, "ಅಮ್ಮನಿಗೆ ಸ್ವಲ್ಪ ನೀರು ಕೊಡಪ್ಪಾ" ಅಂದರು. ಪ್ರತಿ ಸಲವೂ ಕೊಟ್ಟೆ. ಒಂದೇ ಒಂದು ಸಲ ಮುದುಕಿ ನನ್ನವಳಾಗಲಿ ಅನ್ನಿಸಿತು. ನೀನಿಲ್ಲದೆ.

ಆದಳು. ಹೀಗೆ ಆದಳು.

ನಿನ್ನ ತಮ್ಮ ಅಂತ ಬರೆಯಲು ಕೈ ಬರುತ್ತಿಲ್ಲ. ಆದರೂ,

ತಮ್ಮ


ಆಗಸ್ಟ್ 9

ತಮ್ಮಾ,

ಪತ್ರ ಓದಿದೆ. ಈ ಸಲ ಜೋರಾಗಿ ಓದಲಿಲ್ಲ.

ನೀರಿನ ವಿಷಯ ನನಗೆ ಗೊತ್ತಿತ್ತು. ಅವರು ಹಾಗೆ ಹೇಳಿದಾಗಲೆಲ್ಲ ನಿನ್ನ ಮುಖ ನೋಡುತ್ತಿದ್ದೆ. 'ಇವನು ನೀರು ಕೊಡುವವನಲ್ಲ, ಮುದುಕಿಯ ಪ್ರಾಣ ಇವನ ಬೆರಳಲ್ಲಿದೆ' ಎಂದು ಒಂದು ಸಲ ಹೇಳಿದ್ದರೆ ನನ್ನ ನಾಲಿಗೆ ಸವೆಯುತ್ತಿರಲಿಲ್ಲ. ಹೇಳಲಿಲ್ಲ. ಕುಡಿದು ಲೋಟ ವಾಪಸು ಕೊಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಅದಕ್ಕೆ ನನ್ನ ಹತ್ತಿರ ಜಗಳ ಆಡಬೇಕಿತ್ತು. ಹಲಗೆಯ ಮೇಲೆಯೇ ಲೋಟ ಎತ್ತಿ ಮುಖಕ್ಕೆ ಎರಚಿದ್ದರೂ ಸೈ ಅನ್ನುತ್ತಿದ್ದೆ. ನನ್ನ ಒಂದು ಲೋಟ ನೀರಿಗೆ ಹನ್ನೊಂದು ಮಂದಿಯ ಗಂಟಲು ಕೊಯ್ದೆಯಲ್ಲ. ಕತ್ತೆಯ ಚಿಕ್ಕಮ್ಮ ನಿನಗೆ ಏನು ಮಾಡಿದ್ದಳು? ಗುಡುಗು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದವನು. ಅವನ ಪರವಾಗಿಯೂ ರುಜು ಹಾಕಿದೆ.

ಕ್ಷಮಿಸು ಅಂತ ನೀನು ಬರೆದಿಲ್ಲ. ಒಳ್ಳೆಯದಾಯಿತು. ಬರೆದಿದ್ದರೆ ಉತ್ತರ ಕೊಡಬೇಕಾಗುತ್ತಿತ್ತು.

ಆ ಮಗು ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನಾನು ಹಲಗೆಯ ಮೇಲಿದ್ದರೆ ಹೇಳುತ್ತಿದ್ದೆ: "ಕಾಲಿದ್ದೋರೆಲ್ಲ ಓಡಿಹೋದ್ರು ಕೂಸೇ. ನಾನು ಕೂತೆ." ಅದು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ನಾನು ಇನ್ನೊಂದು ಹೇಳುತ್ತಿದ್ದೆ. ಸಿಪಾಯಿ ಬರುವುದು ತಡವಾಗುತ್ತಿತ್ತು. ಗುಡುಗು ನನ್ನ ಸೊಂಟ ತಿವಿಯುತ್ತಿದ್ದ. ನೀನು ನಗು ತಡೆಯಲಾರದೆ ಮುದುಕಿಯ ಹೆಗಲು ಕುಲುಕಿಸುತ್ತಿದ್ದೆ. ನಾವು ಕೇಳುತ್ತಿರುವುದು ಇಷ್ಟನ್ನೇ. ಇದನ್ನು ಯಾವ ಡಬ್ಬದಲ್ಲಿ ತುಂಬುತ್ತಾರೋ ತುಂಬಲಿ, ನಮ್ಮೆದುರಿಗೆ ತುಂಬಲಿ.

ಈಗ ಕೆಲಸದ ಮಾತು. ಇಸ್ತ್ರಿ ಕೊನೆಗೂ ನಮ್ಮನ್ನು ಕರೆದಿದ್ದಾನೆ. ಮೇಲಿನವರೂ ಬರುತ್ತಾರಂತೆ. ಮೇಜಿನ ಮೇಲೆ ಆ ಒಪ್ಪಿಗೆ ಪತ್ರ ಇಡುತ್ತಾನೆ. ಹನ್ನೊಂದು ಬಾಯಿ ಇಲ್ಲ ಎಂದರೂ ಒಂದು ರುಜು ಹೌದು ಎನ್ನುತ್ತದೆ. ಅದನ್ನು ಬೀಳಿಸಲು ರುಜು ಹಾಕಿದ ಕೈಯೇ ಬೇಕು. ಅಲ್ಲಿ ಎದ್ದು ನಿಂತು, 'ಪರೀಕ್ಷೆ ಎಂದು ಹೇಳಿ ಕರೆದೆ, ಇವರು ಯಾರೂ ಒಪ್ಪಿರಲಿಲ್ಲ, ಚೀಟಿ ನೋಡಿದ ಮೇಲೂ ಸುಮ್ಮನಿದ್ದೆ' ಎಂದು ಹೇಳಬೇಕು. ನಿನ್ನ ಖಾಯಂ ಅಲ್ಲಿಗೇ ಮುಗಿಯಬಹುದು. ಮುಗಿಯುತ್ತದೆ ಎಂದೇ ತಿಳಿದುಕೊಂಡು ಬಾ. ಬರದಿದ್ದರೆ ಏನಾಗುತ್ತದೆ ಎಂಬುದು ನಿನಗೂ ಗೊತ್ತು, ನಮಗೂ ಗೊತ್ತು. ಆಟಕ್ಕೊಂದರಂತೆ ಚಿತ್ರ ಬರುತ್ತದೆ, ನಾವು ಹಲ್ಲಿನ ಡಾಕ್ಟರ ಹತ್ತಿರ ಕೂತು ನಮ್ಮನ್ನೇ ಕೇಳಿಸಿಕೊಳ್ಳುತ್ತೇವೆ.

ನಿನ್ನ ಬದಲು ನಾನು ಮಾತಾಡುವುದಿಲ್ಲ. ಇಪ್ಪತ್ತಾರು ವರ್ಷ ನಿನ್ನ ಕೈಗೆ ನನ್ನ ದನಿ ಕೊಟ್ಟೆ. ಈ ಸಲ ನಿನ್ನ ಕೈ ಮಾಡಿದ್ದಕ್ಕೆ ನಿನ್ನದೇ ದನಿ ಬೇಕು. ಗಂಟಲು ಒಣಗಿದರೆ ನೀರು ನಾನು ತರುತ್ತೇನೆ. ಬೆನ್ನ ಮೇಲೆ ಕೈಯಿಡುತ್ತೇನೆ ಎಂದು ಮಾತು ಕೊಡುವುದಿಲ್ಲ. ಮಾತು ಕೊಟ್ಟವರನ್ನು ಈ ವರ್ಷ ಸಾಕಷ್ಟು ನೋಡಿದೆ.

ಹಿಂದಿನ ಬಾಗಿಲಿನಿಂದ ಬರಬೇಡ, ನೀನು ದಿನಾ ಬರುವುದು ಅದರಿಂದ. ನಾವು ಮುಂದಿನ ಗೇಟಿನಲ್ಲಿ, ಹೆಸರಿಲ್ಲದ ಪಟ್ಟಿಯ ಎದುರು ನಿಂತಿರುತ್ತೇವೆ.

ಗುರುವಾರ, ಆಗಸ್ಟ್ 17, ಬೆಳಗ್ಗೆ ಹತ್ತು ಗಂಟೆ.

ಅಕ್ಕ